ಬೆಳೆಯುವ ಮಕ್ಕಳಿಗೆ ಸ್ಕೇಟ್ಸ್ ಒಂದು ಸೈಜ್ ದೊಡ್ಡದೇ ಇರಲಿ ಎನ್ನುವುದು ಎಷ್ಟು ಸರಿ?

ಬೇಸಿಗೆ ರಜೆ ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಅಪಾರ್ಟ್‌ಮೆಂಟ್ ಮತ್ತು ಶಾಲಾ ವಾಟ್ಸಾಪ್ ಗುಂಪುಗಳಲ್ಲಿ ಮಕ್ಕಳ ಶಿಬಿರಗಳ ಪೋಸ್ಟರ್‌ಗಳು ಓಡಾಡತೊಡಗುತ್ತವೆ. ಚಿತ್ರಕಲೆ, ಈಜು, ಕರಾಟೆಯ ಜೊತೆಗೆ ಸ್ಕೇಟಿಂಗ್ ಕೂಡ ಇರುತ್ತದೆ. ಅದರ ಬೆನ್ನಿಗೇ ಸಲಹೆಗಳೂ ಬರುತ್ತವೆ. "ಮಕ್ಕಳ ಕಾಲು ಬೇಗ ಬೆಳೆಯುತ್ತೆ, ಒಂದು ಸೈಜ್ ದೊಡ್ಡದೇ ತಗೊಳ್ಳಿ." "ಸಡಿಲ ಆದರೆ ಎರಡು ಜೊತೆ ಸಾಕ್ಸ್ ಹಾಕಿದರಾಯ್ತು." "ಅಂಗಡಿಗೆ ಮಗುವನ್ನು ಕರೆದೊಯ್ಯಬೇಕಿಲ್ಲ, ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದರೆ ಅದೇ ಪಾದದ ಅಳತೆ." "ಅಡ್ಜಸ್ಟಬಲ್ ಸ್ಕೇಟ್ಸ್ ಆದರೆ ಯಾರ ಕಾಲಿಗಾದರೂ ಆಗುತ್ತೆ."

ಈ ಮಾತುಗಳು ಪೂರ್ತಿ ಸುಳ್ಳಲ್ಲ. ಶಾಲೆಯ ಶೂ ಅಥವಾ ಚಪ್ಪಲಿಯ ವಿಷಯದಲ್ಲಿ ಇವುಗಳಲ್ಲಿ ಒಂದಿಷ್ಟು ನಿಜವಿದೆ. ಆದರೆ ಪಾದದ ಕೆಳಗೆ ಚಕ್ರ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಅದು ಹೇಗೆ, ಸರಿಯಾದ ಅಳತೆಯನ್ನು ಮನೆಯಲ್ಲೇ ಹೇಗೆ ತೆಗೆಯಬಹುದು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು, ಯಾವ ಸ್ಕೇಟ್ಸ್?

ನಮ್ಮಲ್ಲಿ ಕಲಿಯುವ ಮಕ್ಕಳ ಕಾಲಲ್ಲಿ ಮುಖ್ಯವಾಗಿ ಎರಡು ಬಗೆಯ ಸ್ಕೇಟ್ಸ್ ಕಾಣುತ್ತವೆ.

ಮೊದಲನೆಯದು, ಮಾಮೂಲಿ ಶೂ ಮೇಲೆಯೇ ಕಟ್ಟಿಕೊಳ್ಳುವ ನಾಲ್ಕು ಚಕ್ರದ ಸ್ಕೇಟ್ಸ್. ಕೆಳಗೆ ಎರಡು ತುಂಡುಗಳ ಪ್ಲೇಟ್, ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ, ಬೆರಳುಗಳ ಮೇಲೊಂದು ಬೆಲ್ಟ್, ಪಾದದ ಕೀಲಿನ ಬಳಿ ಇನ್ನೊಂದು ಬೆಲ್ಟ್. ಪ್ಲೇಟಿನ ಅಡಿಯಲ್ಲಿರುವ ನಟ್ಟನ್ನು ಸ್ಪ್ಯಾನರ್‌ನಿಂದ ಸಡಿಲಿಸಿ ಉದ್ದವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಅಡ್ಜಸ್ಟಬಲ್ ಎನ್ನುವುದು ಇದೇ ಕಾರಣಕ್ಕೆ.

ಎರಡನೆಯದು, ಬೂಟು ಮತ್ತು ಚಕ್ರ ಒಂದೇ ಆಗಿರುವ ಸ್ಕೇಟ್ಸ್. ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟ್ಸ್ ಹೆಚ್ಚಾಗಿ ಹೀಗೇ ಇರುತ್ತವೆ. ಇದರಲ್ಲಿ ಪಾದ ನೇರವಾಗಿ ಸ್ಕೇಟ್ಸಿನ ಬೂಟಿನೊಳಗೆ ಹೋಗುತ್ತದೆ. ಇದರಲ್ಲೂ ಗುಂಡಿಯೊತ್ತಿ ಉದ್ದ ಬದಲಿಸಬಹುದಾದ ಮಾದರಿಗಳಿವೆ.

ಎರಡನೆಯದರಲ್ಲಿ ಪಾದ ಮತ್ತು ಬೂಟು ಹೊಂದಿದರೆ ಸಾಕು. ಮೊದಲನೆಯದರಲ್ಲಿ ಪಾದ ಶೂಗೆ ಹೊಂದಬೇಕು, ಆಮೇಲೆ ಶೂ ಪ್ಲೇಟಿಗೆ ಹೊಂದಬೇಕು. ಎರಡು ಕಡೆ ಸ್ವಲ್ಪ ಸ್ವಲ್ಪ ಸಡಿಲವಿದ್ದರೆ ಅವೆರಡೂ ಕೂಡಿಕೊಳ್ಳುತ್ತವೆ. ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಶೂನಲ್ಲಿ ನಡೆಯುವುದು ಸ್ಕೇಟ್ಸಿನಲ್ಲಿ ಏಕೆ ನಡೆಯುವುದಿಲ್ಲ?

ಒಂದು ಸೈಜ್ ದೊಡ್ಡ ಶೂ ತೆಗೆದುಕೊಳ್ಳುವ ಅಭ್ಯಾಸಕ್ಕೆ ಕಾರಣವಿದೆ. ಚಿಕ್ಕ ಮಕ್ಕಳ ಪಾದ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಜೂನ್‌ನಲ್ಲಿ ಕೊಂಡ ಶೂ ಮಾರ್ಚ್‌ವರೆಗೆ ಬರಬೇಕು ಎಂದು ಅಪ್ಪ ಅಮ್ಮ ಲೆಕ್ಕ ಹಾಕುವುದು ಸಹಜ. ನಡೆಯುವಾಗ ಶೂ ಕೊಂಚ ಸಡಿಲವಿದ್ದರೂ ನೆಲ ಅಲುಗಾಡುವುದಿಲ್ಲ. ಹಿಮ್ಮಡಿ ಸ್ವಲ್ಪ ಮೇಲೆದ್ದರೂ ಮುಂದಿನ ಹೆಜ್ಜೆ ಗಟ್ಟಿ ನೆಲದ ಮೇಲೇ ಬೀಳುತ್ತದೆ.

ಸ್ಕೇಟ್ಸಿನಲ್ಲಿ ಹಾಗಲ್ಲ. ಅಲ್ಲಿ ಬ್ಯಾಲೆನ್ಸ್ ಉಳಿಯುವುದು ಪಾದದ ಸಣ್ಣ ಸಣ್ಣ ಚಲನೆಗಳಿಂದ. ಎಡಕ್ಕೆ ತಿರುಗಬೇಕಾದರೆ ಮಗು ಪಾದವನ್ನು ಒಂಚೂರು ಎಡಕ್ಕೆ ವಾಲಿಸುತ್ತದೆ. ಆ ವಾಲುವಿಕೆ ಶೂ, ಬೆಲ್ಟ್, ಪ್ಲೇಟ್ ದಾಟಿ ಚಕ್ರದ ಅಚ್ಚಿಗೆ ತಲುಪಬೇಕು. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಪೇಟೆಂಟ್ ಪಡೆದ ನಾಲ್ಕು ಚಕ್ರದ ಸ್ಕೇಟ್ಸಿನ ವಿಶೇಷವೇ ಇದಾಗಿತ್ತು. ಪಾದ ಯಾವ ಕಡೆ ವಾಲಿದರೆ ಚಕ್ರ ಆ ಕಡೆ ತಿರುಗುತ್ತದೆ. ಇಂದಿನ ನಾಲ್ಕು ಚಕ್ರದ ಸ್ಕೇಟ್ಸ್‌ಗಳೂ ಇದೇ ತತ್ವದ ಮೇಲೆ ಓಡುತ್ತವೆ.

ನಡುವೆ ಸಡಿಲವಿದ್ದರೆ ಏನಾಗುತ್ತದೆ? ಮಗು ಪಾದ ವಾಲಿಸುತ್ತದೆ, ಆದರೆ ಪಾದ ಮೊದಲು ಶೂನೊಳಗಿನ ಖಾಲಿ ಜಾಗದಲ್ಲಿ ಜಾರುತ್ತದೆ. ಆಮೇಲೆ ಶೂ ಪ್ಲೇಟಿನ ಮೇಲೆ ಜಾರುತ್ತದೆ. ಅಷ್ಟು ಹೊತ್ತಿಗೆ ಚಕ್ರಗಳು ನೇರವಾಗಿ ಮುಂದೆ ಹೋಗಿರುತ್ತವೆ. ದೇಹ ಒಂದು ಕಡೆ, ಚಕ್ರ ಇನ್ನೊಂದು ಕಡೆ. ಹಿಮ್ಮಡಿ ಮೇಲೆದ್ದರೆ ತೊಂದರೆ ಇನ್ನೂ ಹೆಚ್ಚು: ಹಿಂದಿನ ಚಕ್ರಗಳ ಮೇಲೆ ಹಿಡಿತವೇ ಇರುವುದಿಲ್ಲ, ಪಾದದ ಕೀಲು ಪಕ್ಕಕ್ಕೆ ಹೊರಳುವುದು ಸುಲಭ.

ಬಸವೇಶ್ವರನಗರ, ರಾಜಾಜಿನಗರದ ರಸ್ತೆಗಳ ಏರಿಳಿತ ಅಲ್ಲಿ ಓಡಾಡಿದವರಿಗೆ ಗೊತ್ತು. ಸಮತಟ್ಟಾದ ಅಂಗಳದಲ್ಲಿ ಹೇಗೋ ಸಂಭಾಳಿಸುವ ಸಡಿಲ ಸ್ಕೇಟ್ಸ್, ಮನೆ ಮುಂದಿನ ಸಣ್ಣ ಇಳಿಜಾರಿನಲ್ಲಿ ಕೈಕೊಡುತ್ತದೆ.

"ಇವನಿಗೆ ಬ್ಯಾಲೆನ್ಸ್ ಬರಲ್ಲ" ಎನ್ನುವ ಮೊದಲು

ಅಳತೆ ತಪ್ಪಿದರೆ ಬೀಳುವ ಭಯ ಮಾತ್ರವಲ್ಲ, ಇನ್ನೊಂದು ನಷ್ಟವೂ ಇದೆ. ಸ್ಕೇಟ್ಸ್ ಸಡಿಲವಿದೆ ಎಂದು ಆರು ವರ್ಷದ ಮಗುವಿಗೆ ಹೇಳಲು ಬರುವುದಿಲ್ಲ. ಅದಕ್ಕೆ ತಿಳಿಯುವುದು ಎರಡೇ: ತಾನು ಬೀಳುತ್ತಿದ್ದೇನೆ, ಪಕ್ಕದ ಮನೆಯ ಅಣ್ಣ ಬೀಳುತ್ತಿಲ್ಲ. ನೋಡುವ ನಾವೂ "ಅವಳಿಗೆ ಧೈರ್ಯ ಸಾಲದು", "ಇವನಿಗೆ ಬ್ಯಾಲೆನ್ಸ್ ಇಲ್ಲ" ಎಂದುಬಿಡುತ್ತೇವೆ. ಎರಡು ವಾರದಲ್ಲಿ ಸ್ಕೇಟ್ಸ್ ಅಟ್ಟ ಸೇರುತ್ತದೆ, ಮಗುವಿನ ಮನಸ್ಸಿನಲ್ಲಿ "ನನಗೆ ಆಟ ಬರಲ್ಲ" ಎನ್ನುವುದು ಉಳಿಯುತ್ತದೆ.

ಕಲಿಯುವಾಗ ಬೀಳುವುದು ಸಹಜ, ನಿಜ. ಆದರೆ ಎಷ್ಟು ದಿನ ಕಲಿತರೂ ಒಂದೇ ಬಗೆಯಲ್ಲಿ ಬೀಳುತ್ತಿದ್ದರೆ, ಪಾದ ಒಳಕ್ಕೆ ಮುರಿದಂತೆ ವಾಲುತ್ತಿದ್ದರೆ, ತಿರುವಿನಲ್ಲಿ ಮಾತ್ರ ಎಡವುತ್ತಿದ್ದರೆ, ಮಗುವನ್ನು ಬೈಯುವ ಮೊದಲು ಸ್ಕೇಟ್ಸ್ ಬಿಚ್ಚಿ ನೋಡಿ.

ಹಾಗಾದರೆ ಬಿಗಿಯಾಗಿದ್ದರೆ ಒಳ್ಳೆಯದೇ?

ಅದೂ ಅಲ್ಲ. ಬೆರಳುಗಳು ಮಡಚಿಕೊಂಡು ನಿಲ್ಲುವಷ್ಟು ಚಿಕ್ಕದಿದ್ದರೆ ಉಗುರು ಕಪ್ಪಾಗಬಹುದು, ಬೊಬ್ಬೆ ಬರಬಹುದು. ದೊಡ್ಡ ಸ್ಕೇಟ್ಸನ್ನು ಹೊಂದಿಸಲು ಬೆಲ್ಟ್ ಮತ್ತು ಲೇಸನ್ನು ಜೋರಾಗಿ ಎಳೆದು ಕಟ್ಟುವುದೂ ತಪ್ಪು. ಪಾದ ಜೋಮು ಹಿಡಿಯುತ್ತದೆ, ನೋಯುತ್ತದೆ, ಆದರೆ ಒಳಗಿನ ಖಾಲಿ ಜಾಗ ಹಾಗೇ ಇರುತ್ತದೆ. "ಕಾಲು ಜುಂ ಅನ್ನುತ್ತೆ ಅಮ್ಮಾ" ಎಂದು ಮಗು ಹೇಳಿದರೆ ಅದು ನೆಪವಲ್ಲ, ಬೆಲ್ಟ್ ಸಡಿಲಿಸಬೇಕೆಂಬ ಸೂಚನೆ.

ಎರಡು ಜೊತೆ ಸಾಕ್ಸ್ ಹಾಕುವ ಉಪಾಯಕ್ಕೂ ಇದೇ ಉತ್ತರ. ಒಂದರ ಮೇಲೊಂದು ಸಾಕ್ಸ್ ಹಾಕಿದಾಗ ಅವೆರಡರ ನಡುವೆಯೇ ಜಾರಾಟ ಶುರುವಾಗುತ್ತದೆ. ಬೆವರು ಸೇರಿದರೆ ಮಡಿಕೆ ಬಿದ್ದು ಚರ್ಮ ಉಜ್ಜುತ್ತದೆ. ಬೆರಳ ತುದಿಗೆ ಹತ್ತಿ, ಬಟ್ಟೆ ತುರುಕಿದರೆ ಪಾದ ಹಿಂದಕ್ಕೆ ಸರಿಯಬಹುದು, ಆದರೆ ಬದಿಯ ಸಡಿಲ ಕಡಿಮೆಯಾಗುವುದಿಲ್ಲ. ಹಿಮ್ಮಡಿಗೆ ಆಸರೆ ಸಿಗುವುದಿಲ್ಲ. ಒಂದೇ ಜೊತೆ, ಮಡಿಕೆ ಬೀಳದ, ಪಾದದ ಕೀಲಿಗಿಂತ ಮೇಲೆ ಬರುವ ಸಾಕ್ಸ್ ಸಾಕು.

ಶೂ ಮೇಲಿನ ನಂಬರ್ ಏನು ಹೇಳುತ್ತದೆ?

"ನನ್ನ ಮಗಳ ಶೂ ನಂಬರ್ 1, ಅದೇ ನಂಬರಿನ ಸ್ಕೇಟ್ಸ್ ಕಳಿಸಿ" ಎಂದು ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವುದು ಸುಲಭ. ತೊಂದರೆ ಶುರುವಾಗುವುದು ಆ ನಂಬರಿನಿಂದಲೇ.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇಂಗ್ಲಿಷರ ಹಳೆಯ ಲೆಕ್ಕ. ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಹಿಂದೆ ಇದನ್ನು ಬಾರ್ಲಿ ಕಾಳಿನ ಉದ್ದಕ್ಕೆ ಹೋಲಿಸುತ್ತಿದ್ದರು, ಮೂರು ಕಾಳು ಸೇರಿದರೆ ಒಂದು ಇಂಚು. ಮಕ್ಕಳ ಲೆಕ್ಕ 4 ಇಂಚಿನಲ್ಲಿ ಸೊನ್ನೆಯಿಂದ ಶುರುವಾಗಿ 13ರವರೆಗೆ ಹೋಗುತ್ತದೆ. ಆಮೇಲೆ 14 ಬರುವುದಿಲ್ಲ, ಮತ್ತೆ 1ರಿಂದ ಶುರು! ಹಾಗಾಗಿ ನಂಬರ್ 1 ಎನ್ನುವುದು ಎರಡು ಇದೆ. ಶೂ ತಯಾರಿಸಲು ಬಳಸುವ ಕಾಲಚ್ಚಿನ ಉದ್ದ ನೋಡಿದರೆ, ಎಳೆಮಗುವಿನ ನಂಬರ್ 1 ಸುಮಾರು 110 ಮಿಲಿಮೀಟರ್, ದೊಡ್ಡವರ ಸಾಲಿನ ನಂಬರ್ 1 ಸುಮಾರು 220 ಮಿಲಿಮೀಟರ್. ಸರಿಯಾಗಿ ಎರಡು ಪಟ್ಟು!

ಇದರ ಜೊತೆಗೆ ಅಮೆರಿಕದ ನಂಬರ್ ಬೇರೆ. 30, 32, 34 ಎಂದು ಬರುವ ಯುರೋಪಿನ ನಂಬರ್ ಬೇರೆ. ಅದರಲ್ಲಿ ಒಂದು ನಂಬರಿನ ಅಂತರ ಸುಮಾರು 6.7 ಮಿಲಿಮೀಟರ್. ಸ್ಕೇಟ್ಸ್ ಡಬ್ಬಿಯ ಮೇಲೆ ಸ್ಮಾಲ್, ಮೀಡಿಯಂ, ಲಾರ್ಜ್ ಎಂದಷ್ಟೇ ಬರೆದಿರುವುದೂ ಉಂಟು. ಒಂದು ಕಂಪನಿಯ ಸ್ಮಾಲ್ ಇನ್ನೊಂದರ ಸ್ಮಾಲ್‌ಗೆ ಸಮ ಎಂಬ ಖಾತ್ರಿಯಿಲ್ಲ.

ಭಾರತೀಯರ ಪಾದದ ಆಕಾರದ ವಿಷಯವೂ ಇದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್ ನಡುವೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ ಅಳೆಯಿತು. ಯುರೋಪ್ ಮತ್ತು ಅಮೆರಿಕದವರಿಗೆ ಹೋಲಿಸಿದರೆ ನಮ್ಮವರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲ ಎಂದು ಕಂಡುಬಂತು. ಹುಡುಗಿಯರ ಪಾದದ ಬೆಳವಣಿಗೆ 11ನೇ ವಯಸ್ಸಿನ ಸುಮಾರಿಗೆ, ಹುಡುಗರದು 15-16ರ ಸುಮಾರಿಗೆ ತುದಿ ಮುಟ್ಟುತ್ತದೆ ಎಂಬುದೂ ತಿಳಿಯಿತು. ಇದರ ಆಧಾರದ ಮೇಲೆ ಎಂಟು ವಯೋಗುಂಪುಗಳಿರುವ 'ಭಾ' ಎಂಬ ಭಾರತೀಯ ಅಳತೆ ಪದ್ಧತಿಯನ್ನು ರೂಪಿಸಲಾಗಿದೆ.

ಅಗಲ ಪಾದಕ್ಕೂ ಸಡಿಲ ಸ್ಕೇಟ್ಸಿಗೂ ಏನು ಸಂಬಂಧ? ಅಂಗಡಿಯಲ್ಲಿ ಶೂ ಬದಿಯಲ್ಲಿ ಒತ್ತಿದಾಗ ನಾವು ಅಗಲದ ಶೂ ಕೇಳುವುದಿಲ್ಲ, ಒಂದು ನಂಬರ್ ಮೇಲಿನದನ್ನು ಕೇಳುತ್ತೇವೆ. ಅಗಲ ಸರಿಹೋಗುತ್ತದೆ, ಉದ್ದ ಹೆಚ್ಚಾಗುತ್ತದೆ. ಅಂದರೆ ಮಗುವಿನ ಈಗಿನ ಶೂ ಆಗಲೇ ಒಂದು ಸೈಜ್ ದೊಡ್ಡದಿರಬಹುದು. ಅದರ ಮೇಲೆ "ಬೆಳೆಯುತ್ತೆ" ಎಂದು ಇನ್ನೊಂದು ಸೈಜ್ ಏರಿಸಿದರೆ ಎರಡು ಸೈಜ್, ಅಂದರೆ ಸುಮಾರು 17 ಮಿಲಿಮೀಟರ್ ಹೆಚ್ಚಾಯಿತು.

ಇದಕ್ಕೆಲ್ಲ ಸುಲಭದ ದಾರಿ ಎಂದರೆ ನಂಬರನ್ನು ಬಿಟ್ಟು ಪಾದದ ಉದ್ದವನ್ನೇ ಮಿಲಿಮೀಟರಿನಲ್ಲಿ ಹೇಳುವುದು. ಹಿಮದ ಮೇಲೆ ಆಡುವ ಸ್ಕೀಯಿಂಗ್ ಮತ್ತು ಸ್ನೋಬೋರ್ಡಿಂಗ್‌ನ ಬೂಟುಗಳಲ್ಲಿ ಹೀಗೇ ಮಾಡುತ್ತಾರೆ, ಆ ಪದ್ಧತಿಗೆ ಮಾಂಡೋಪಾಯಿಂಟ್ ಎಂದು ಹೆಸರು. ಸ್ನೋಬೋರ್ಡಿನಲ್ಲಿ ಬೂಟನ್ನು ಹಲಗೆಗೆ ಕಟ್ಟುವ ಬೆಲ್ಟಿನ ಚೌಕಟ್ಟು ಬೇರೆಯೇ ಇರುತ್ತದೆ. ಅದನ್ನು ಬೂಟಿನ ಅಳತೆ ಮತ್ತು ಹಲಗೆಯ ಅಗಲ ಎರಡನ್ನೂ ನೋಡಿ ಆರಿಸುತ್ತಾರೆ. ನಮ್ಮ ಮಕ್ಕಳು ಶೂ ಮೇಲೆ ಕಟ್ಟುವ ಸ್ಕೇಟ್ಸ್ ಕೂಡ ಅದರ ಹತ್ತಿರದ ನೆಂಟನೇ.

ಮೊಣಕೈಯಿಂದ ಮಣಿಕಟ್ಟಿನವರೆಗೆ ಅಳೆದರೆ ಸಾಕೇ?

ಮುಂದೋಳಿನ ಉದ್ದ ಮತ್ತು ಪಾದದ ಉದ್ದ ಹಲವರಲ್ಲಿ ಹತ್ತಿರ ಹತ್ತಿರ ಇರುತ್ತವೆ, ಅದಕ್ಕೇ ಈ ಫಾರ್ವರ್ಡ್ ನಿಜವೆನಿಸುತ್ತದೆ. ಆದರೆ ಹತ್ತಿರ ಎನ್ನುವುದು ಅಳತೆಯಲ್ಲ. ಎಲ್ಲಿಂದ ಶುರುಮಾಡಿ ಎಲ್ಲಿ ನಿಲ್ಲಿಸಿದಿರಿ ಎಂಬುದರ ಮೇಲೇ ಒಂದು ಸೆಂಟಿಮೀಟರ್ ಆಚೀಚೆ ಆಗುತ್ತದೆ. ಒಂದು ನಂಬರಿನ ಅಂತರವೇ 8.5 ಮಿಲಿಮೀಟರ್ ಇರುವಾಗ, ಒಂದು ಸೆಂಟಿಮೀಟರ್ ತಪ್ಪಿದರೆ ಒಂದು ಸೈಜೇ ತಪ್ಪಿದಂತೆ. ಪಾದವೇ ಮನೆಯಲ್ಲಿರುವಾಗ ಕೈಯನ್ನು ಅಳೆಯುವುದೇಕೆ?

ಮನೆಯಲ್ಲೇ ಅಳೆಯುವುದು ಹೀಗೆ

1. ಸಂಜೆ ಹೊತ್ತು ಅಳೆಯಿರಿ. ದಿನವಿಡೀ ಓಡಾಡಿದ ಪಾದ ಬೆಳಗಿನದಕ್ಕಿಂತ ಕೊಂಚ ಊದಿರುತ್ತದೆ.

2. ಸ್ಕೇಟಿಂಗ್‌ಗೆ ಹಾಕುವ ಸಾಕ್ಸನ್ನೇ ಹಾಕಿಸಿ. ಗೋಡೆಗೆ ಅಂಟಿದಂತೆ ನೆಲದ ಮೇಲೆ ಕಾಗದ ಇಟ್ಟು, ಹಿಮ್ಮಡಿ ಗೋಡೆಗೆ ತಾಗುವಂತೆ ಮಗುವನ್ನು ನಿಲ್ಲಿಸಿ. ಕೂರಿಸಿ ಅಳೆಯಬೇಡಿ, ನಿಂತಾಗ ಭಾರ ಬಿದ್ದು ಪಾದ ಹರಡುತ್ತದೆ.

3. ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಅದು ಹೆಬ್ಬೆರಳೇ ಆಗಬೇಕೆಂದಿಲ್ಲ, ಕೆಲವರಿಗೆ ಪಕ್ಕದ ಬೆರಳು ಉದ್ದವಿರುತ್ತದೆ.

4. ಗೋಡೆಯಿಂದ ಗುರುತಿನವರೆಗೆ ಸ್ಕೇಲಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಬೆರಳುಗಳ ಬುಡದಲ್ಲಿ ಪಾದ ಅತಿ ಅಗಲವಿರುವ ಜಾಗವನ್ನೂ ಅಳೆಯಿರಿ.

5. ಎರಡೂ ಪಾದ ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಈ ಅಳತೆಯನ್ನು ಆಯಾ ಕಂಪನಿಯ ಪಟ್ಟಿಯ ಜೊತೆ ಹೋಲಿಸಿ. ಬೂಟು ಇರುವ ಸ್ಕೇಟ್ಸಿನಲ್ಲಿ ಬೆರಳಿನ ಮುಂದೆ 5ರಿಂದ 10 ಮಿಲಿಮೀಟರ್ ಜಾಗ ಇದ್ದರೆ ಮಕ್ಕಳಿಗೆ ಸಾಕು. ಬೆಳವಣಿಗೆಗೆ ಕೊಡಬಹುದಾದ ರಿಯಾಯಿತಿ ಅಷ್ಟೇ. ಉದ್ದ ಬದಲಿಸಬಹುದಾದ ಬೂಟಾದರೆ, ಮಗುವಿನ ಈಗಿನ ಅಳತೆ ಆ ಶ್ರೇಣಿಯ ಕೆಳತುದಿಯಲ್ಲಿರುವಂತೆ ಆರಿಸಿ. ಬೆಳೆದ ಹಾಗೆ ಹಿಗ್ಗಿಸಿದರೆ ಆಯಿತು. ದುಡ್ಡು ಉಳಿಸಲು ಇದು ಒಂದು ಸೈಜ್ ದೊಡ್ಡದು ಕೊಳ್ಳುವುದಕ್ಕಿಂತ ಒಳ್ಳೆಯ ದಾರಿ.

ಶೂ ಮೇಲೆ ಕಟ್ಟುವ ಸ್ಕೇಟ್ಸ್ ಆದರೆ

ಮೊದಲು ಶೂ ನೋಡಿ. ಪಾದಕ್ಕೆ ಸರಿಯಾಗಿ ಹೊಂದುವ, ಲೇಸ್ ಇರುವ, ತಳ ಸಮತಟ್ಟಾಗಿರುವ ಶೂ ಬೇಕು. ದಪ್ಪ ಸ್ಪಂಜಿನ ತಳವಿದ್ದು ಹಿಮ್ಮಡಿಯ ಕಡೆ ಅಗಲವಾಗಿ ಚಾಚಿಕೊಂಡಿರುವ ರನ್ನಿಂಗ್ ಶೂ ಪ್ಲೇಟಿನ ಹಿಂಬದಿಯ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಪ್ಪಲಿ, ಸ್ಯಾಂಡಲ್ ಬೇಡವೇ ಬೇಡ.

ಆಮೇಲೆ ಪ್ಲೇಟಿನ ಉದ್ದ. ಶೂ ಹಿಮ್ಮಡಿಯನ್ನು ಹಿಂಬದಿಗೆ ಒತ್ತಿ ಕೂರಿಸಿ ನೋಡಿ. ಶೂ ತುದಿ ಪ್ಲೇಟಿನಿಂದ ಬಹಳ ಮುಂದಕ್ಕೆ ಚಾಚಿದರೆ, ಮುಂದಿನ ರಬ್ಬರ್ ಬ್ರೇಕ್ ಒತ್ತುವಾಗ ಶೂ ನೆಲಕ್ಕೆ ಉಜ್ಜುತ್ತದೆ. ಪ್ಲೇಟ್ ಅತಿ ಉದ್ದವಿದ್ದರೆ ಮುಂದಿನ ಚಕ್ರಗಳು ಪಾದದ ಭಾರ ಬೀಳುವ ಜಾಗದಿಂದ ದೂರ ಸರಿಯುತ್ತವೆ, ತಿರುಗಿಸುವುದು ಕಷ್ಟ. ಬೆರಳುಗಳ ಬುಡದ ಉಬ್ಬು ಮುಂದಿನ ಚಕ್ರಗಳ ಅಚ್ಚಿನ ಆಸುಪಾಸಿನಲ್ಲಿ ಬರಬೇಕು. ಉದ್ದ ಹೊಂದಿಸಿದ ಮೇಲೆ ನಟ್ಟನ್ನು ಗಟ್ಟಿಯಾಗಿ ಬಿಗಿಯಿರಿ. ಆಡುವಾಗಿನ ಅದುರಿಗೆ ಅದು ಸಡಿಲಗೊಳ್ಳುತ್ತದೆ, ಹಾಗಾಗಿ ಪ್ರತಿ ಸಲ ಕಟ್ಟುವ ಮೊದಲು ಒಮ್ಮೆ ಮುಟ್ಟಿ ನೋಡಿ.

ಕೊನೆಗೆ ಅಗಲ. ಶೂ ಎಡಬಲಕ್ಕೆ ಜಾರುತ್ತಿದ್ದರೆ ಆ ಪ್ಲೇಟ್ ಮಗುವಿಗೆ ದೊಡ್ಡದು. ಅಡ್ಜಸ್ಟಬಲ್ ಎನ್ನುವುದು ಹೆಚ್ಚಾಗಿ ಉದ್ದಕ್ಕೆ ಮಾತ್ರ. ಉದ್ದ ಕುಗ್ಗಿಸಿದ ಮಾತ್ರಕ್ಕೆ ಅಕ್ಕನ ಸ್ಕೇಟ್ಸ್ ತಮ್ಮನಿಗೆ ಹೊಂದದಿರುವುದು ಈ ಕಾರಣಕ್ಕೇ.

ಕಟ್ಟಿದ ಮೇಲೆ ಒಂದು ನಿಮಿಷದ ಪರೀಕ್ಷೆ

ಮಗುವನ್ನು ಕೂರಿಸಿ, ಒಂದು ಕೈಯಲ್ಲಿ ಮೊಣಕಾಲಿನ ಕೆಳಗೆ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರದ ಭಾಗವನ್ನು ಎಡಬಲಕ್ಕೆ ತಿರುಗಿಸಿ. ಪಾದ ಮತ್ತು ಸ್ಕೇಟ್ಸ್ ಒಟ್ಟಿಗೇ ತಿರುಗಬೇಕು. ಸ್ಕೇಟ್ಸ್ ಮಾತ್ರ ತಿರುಗಿದರೆ ಸಡಿಲವಿದೆ. ನಂತರ ಹುಲ್ಲಿನ ಮೇಲೆ ಅಥವಾ ಚಾಪೆಯ ಮೇಲೆ ಕೈ ಹಿಡಿದು ನಿಲ್ಲಿಸಿ, ಮಂಡಿ ಸ್ವಲ್ಪ ಬಗ್ಗಿಸಲು ಹೇಳಿ. ಹಿಮ್ಮಡಿ ಮೇಲೇಳಬಾರದು. ಮಂಡಿ ಬಗ್ಗಿಸಿದಾಗ ಬೆರಳುಗಳ ಒತ್ತಡ ಕಡಿಮೆಯಾದರೆ ಅಳತೆ ಸರಿಯಿದೆ. ಹತ್ತು ನಿಮಿಷದ ನಂತರ ಜೋಮು, ಉರಿ ಇದೆಯೇ ಎಂದು ಕೇಳಿ.

ಮೂರು ನಾಲ್ಕು ತಿಂಗಳಿಗೊಮ್ಮೆ ಪಾದವನ್ನು ಮತ್ತೆ ಅಳೆಯಿರಿ. ಗುಂಪಿನಲ್ಲಿ ಮಾರಾಟಕ್ಕೆ ಬರುವ ಅಥವಾ ನೆಂಟರ ಮನೆಯಿಂದ ಬರುವ ಹಳೆಯ ಸ್ಕೇಟ್ಸ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಬೆಲ್ಟಿನ ಬಕಲ್ ಹಿಡಿಯುತ್ತದೆಯೇ, ಹಿಂಬದಿಯ ಬಟ್ಟಲು ಬಿರುಕು ಬಿಟ್ಟಿದೆಯೇ, ನಟ್ಟಿನ ಮರೆ ಸವೆದಿದೆಯೇ ಎಂದು ನೋಡಿ.

ಅಳತೆ ಸರಿಯಿದ್ದರೆ ಪೆಟ್ಟಾಗುವುದಿಲ್ಲವೇ?

ಆಗಬಹುದು. ಸರಿಯಾದ ಸೈಜ್ ಬೀಳುವ ಒಂದು ಕಾರಣವನ್ನು ತೆಗೆಯುತ್ತದೆ, ಎಲ್ಲವನ್ನೂ ಅಲ್ಲ. ಬೀಳುವಾಗ ನಾವು ತಿಳಿಯದೆಯೇ ಕೈ ಊರುತ್ತೇವೆ, ಆದ್ದರಿಂದ ಸ್ಕೇಟಿಂಗ್‌ನಲ್ಲಿ ಮಣಿಕಟ್ಟಿಗೆ ಪೆಟ್ಟಾಗುವುದು ಹೆಚ್ಚು. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇನ್‌ಲೈನ್ ಸ್ಕೇಟಿಂಗ್‌ನಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 161 ಜನರನ್ನು ಪರಿಶೀಲಿಸಿತು. ಮಣಿಕಟ್ಟಿನ ಗಾರ್ಡ್ ಹಾಕದವರಲ್ಲಿ ಮಣಿಕಟ್ಟಿನ ಗಾಯದ ಸಂಭವ ಹಾಕಿದವರಿಗಿಂತ ಸುಮಾರು 10 ಪಟ್ಟು ಹೆಚ್ಚಿತ್ತು. ಆದರೂ ಮೊಣಕಾಲಿನ ಪ್ಯಾಡ್ ಕೊಡಿಸುವ ನಾವು ಮಣಿಕಟ್ಟಿನ ಗಾರ್ಡನ್ನು ಮರೆಯುತ್ತೇವೆ. ಹೆಲ್ಮೆಟ್, ಮಣಿಕಟ್ಟು, ಮೊಣಕೈ, ಮೊಣಕಾಲು, ನಾಲ್ಕೂ ಬೇಕು. ಅವೂ ಅಷ್ಟೇ, ಮಗುವಿನ ಅಳತೆಗೆ ಹೊಂದಬೇಕು. ಸಡಿಲವಾದ ಹೆಲ್ಮೆಟ್ ಬಿದ್ದಾಗ ಹಿಂದಕ್ಕೆ ಸರಿದು ಹಣೆಯನ್ನು ಬಿಟ್ಟುಬಿಡುತ್ತದೆ.

ಕಲಿಯಲು ಸಮತಟ್ಟಾದ, ಒಣಗಿದ, ವಾಹನ ಬಾರದ ಜಾಗವನ್ನೇ ಆರಿಸಿ. ಬಿದ್ದ ಮೇಲೆ ಮಣಿಕಟ್ಟು ಊದಿಕೊಂಡರೆ, ಆಕಾರ ಬದಲಾದರೆ, ಮಗು ಕೈ ಎತ್ತಲು ಒಪ್ಪದಿದ್ದರೆ, ನೀವುವುದು, ಎಳೆಯುವುದು ಬೇಡ. ಅಲುಗಾಡದಂತೆ ಆಸರೆ ಕೊಟ್ಟು ವೈದ್ಯರ ಬಳಿ ಕರೆದೊಯ್ಯಿರಿ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಮೃದುವಾದ ಭಾಗವಿರುತ್ತದೆ, ಅಲ್ಲಿ ಆದ ಪೆಟ್ಟನ್ನು ಉಳುಕು ಎಂದು ಬಿಟ್ಟರೆ ಮುಂದೆ ತೊಂದರೆಯಾಗಬಹುದು.

ಮುಂದಿನ ಸಲ ನಿಮ್ಮ ಗುಂಪಿನಲ್ಲಿ ಯಾರಾದರೂ "ಮಗನಿಗೆ ಸ್ಕೇಟ್ಸ್ ಬೇಕು, ಯಾವ ಸೈಜ್ ತಗೊಳ್ಳಲಿ?" ಎಂದು ಕೇಳಿದರೆ ಮರುಪ್ರಶ್ನೆ ಒಂದೇ ಇರಲಿ: "ಪಾದ ಎಷ್ಟು ಮಿಲಿಮೀಟರ್ ಇದೆ?" ವಯಸ್ಸು, ಶೂ ನಂಬರ್, ಮುಂದೋಳು ಯಾವುದೂ ಆ ಪ್ರಶ್ನೆಗೆ ಉತ್ತರವಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಸ್ಕೇಲ್ ಸಾಕು.